ಹೆಸರಿಲ್ಲ ಎಂದು ಬರೆದ ಹದಿನೆಂಟು ಹೊಲಗಳು

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ನಮ್ಮ ಸೀಮೆಯಲ್ಲಿ ಎಲ್ಲರಿಗೂ ಹಸಿವಾಗುತ್ತದೆ. ನನಗೆ ಹೊಟ್ಟೆ ಉರಿಯುತ್ತದೆ. ಡಾಕ್ಟರಿಗೆ ತೋರಿಸಿ ಗುಣಪಡಿಸಿಕೊಳ್ಳುವ ಉರಿಯಲ್ಲ ಅದು. ಹೋದ ಚಳಿಗಾಲದಲ್ಲಿ ನನ್ನ ಹೆಂಡತಿ ಎರಡು ಕೇಜಿ ಸೊಗಡವರೆ ತಂದು, ಶ್ರೀರಂಗಪಟ್ಟಣದ ನಮ್ಮ ಮನೆಯ ನಡುಮನೆಯಲ್ಲಿ ಸುರಿದುಕೊಂಡು ಸುಲಿಯಲು ಕೂತಳು. ಪೇಪರು ಓದುತ್ತಿದ್ದ ನಾನು ಎದ್ದು ಹಿತ್ತಲಿಗೆ ಹೋದೆ. "ಪ್ರತಿ ವರ್ಷ ನಿಮ್ದು ಇದೇ ಆಯ್ತು. ತಿನ್ನೋವಾಗ ಎರಡೆರಡು ಸಲ ಬಡಿಸ್ಕೋತೀರಿ, ಸುಲಿಯೋವಾಗ ಓಡೋಗ್ತೀರಿ" ಎಂದು ಅವಳು ಅಲ್ಲಿಂದಲೇ ಕೂಗಿದಳು. ನಾನು ಸುಲಿಯುವ ಕೆಲಸಕ್ಕೆ ಹೆದರುತ್ತೇನೆ ಎಂದು ಅವಳು ತಿಳಿದಿದ್ದಾಳೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಅವಳಿಗೆ ನಿಜ ಹೇಳಿಲ್ಲ.

ತೊಂಬತ್ತರ ದಶಕದ ನಡುವಿನ ಒಂದು ಸುಗ್ಗಿಯ ಕಾಲ. ನನಗೆ ಇಪ್ಪತ್ತಾರು ವರ್ಷ. ಕನ್ನಡ ಎಂ.ಎ. ಮಾಡಿ, ತರಗತಿಗೇ ಮೊದಲಿಗನಾಗಿ, ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದೆ. ಆಗ ಮೈಸೂರಿನ ಒಂದು ಸಂಸ್ಥೆಯವರು ನಮ್ಮ ಕಡೆಯ ತಾಲ್ಲೂಕುಗಳಲ್ಲಿ ಜಾಗಗಳ ಹೆಸರು ಮತ್ತು ಹಳೆಯ ಕಟ್ಟಡಗಳನ್ನು ದಾಖಲು ಮಾಡುವ ಕೆಲಸ ಹಿಡಿದರು. ಊರುಗಳ ಹೆಸರಲ್ಲ, ಅವು ನಕಾಶೆಯಲ್ಲೇ ಇರುತ್ತವೆ. ಊರಿನೊಳಗಿನ, ಊರಾಚೆಯ ಹೊಲ, ಗದ್ದೆ, ಕಟ್ಟೆ, ಬಾವಿ, ಓಣಿ, ದಿಣ್ಣೆಗಳ ಹೆಸರು. ಜೊತೆಗೆ ತೊಟ್ಟಿಮನೆ, ಮಂಟಪ, ಛತ್ರ ಏನಾದರೂ ಉಳಿದಿದ್ದರೆ ಅದರ ಅಳತೆ ಮತ್ತು ಕಥೆ. ಆ ಸುಗ್ಗಿಗೆ ಕೆ.ಆರ್. ಪೇಟೆ ತಾಲ್ಲೂಕು, ಮುಂದಿನದಕ್ಕೆ ನಾಗಮಂಗಲ. ಪೇಟೆಯ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯ ಮಹಡಿಯಲ್ಲಿ ಒಂದು ಕೋಣೆ ನಮ್ಮ ಆಫೀಸು. ಮೇಲ್ವಿಚಾರಣೆಗೆ ನಂಜುಂಡಯ್ಯ ಎಂಬ ರಿಟೈರಾದ ಹೈಸ್ಕೂಲು ಮೇಷ್ಟರು. ಹಳ್ಳಿಗಳನ್ನು ಸುತ್ತಲು ಇಬ್ಬರು, ನಾನು ಮತ್ತು ಮಂಗಳ. ಯುಗಾದಿಯ ಹೊತ್ತಿಗೆ ಇಬ್ಬರಲ್ಲಿ ಒಬ್ಬರನ್ನು ಮಾತ್ರ ನಾಗಮಂಗಲದ ಕೆಲಸಕ್ಕೆ ಉಳಿಸಿಕೊಳ್ಳುತ್ತೇವೆ ಎಂದು ಮೊದಲ ದಿನವೇ ಹೇಳಿದ್ದರು. ಆ ಒಬ್ಬರು ಯಾರು ಎಂಬ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ.

ಮಂಗಳ ಕಿಕ್ಕೇರಿಯ ಬಡಗಿ ಆಚಾರ್ರ ಮಗಳು. ಬಿ.ಎ.ಯಲ್ಲಿ ಎರಡನೇ ದರ್ಜೆ. ಹೆಗಲಿಗೊಂದು ಬಟ್ಟೆಯ ಚೀಲ, ಅದರಲ್ಲಿ ಸ್ಕೂಲು ಮಕ್ಕಳು ಬರೆಯುವ ನೂರು ಪುಟದ ನೋಟ್‌ಬುಕ್ಕು, ಒಂದು ಬಾಲ್‌ಪೆನ್ನು. ನನ್ನ ಹತ್ತಿರ ಕಾರ್ಡುಗಳಿದ್ದವು. ಗೆರೆ ಎಳೆದು, ಕಾಲಂ ಮಾಡಿ, ನಮೂನೆಯನ್ನು ನಾನೇ ತಯಾರು ಮಾಡಿದ್ದೆ. ಜಾಗದ ಹೆಸರು, ಸರ್ವೆ ನಂಬರು, ಹೇಳಿದವರ ಹೆಸರು, ವಯಸ್ಸು, ಹೆಸರಿನ ಕಾರಣ. ಒಂದು ಜಾಗಕ್ಕೆ ಒಂದು ಕಾರ್ಡು. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ಅದನ್ನು ಆಗಾಗ ನೆನೆಸಿಕೊಂಡು ಖುಷಿಪಡುತ್ತಿದ್ದೆ. ಅವಳ ಅಕ್ಷರ ಮಳೆಯಲ್ಲಿ ನೆಂದ ಕೋಳಿ ನಡೆದಾಡಿದ ಹಾಗೆ.

ಹದಿನೈದು ದಿನ ಕಳೆಯುವಷ್ಟರಲ್ಲಿ ನನ್ನ ಖುಷಿ ಇಳಿದುಹೋಯಿತು. ನಾನು ಬೆಳಗಿನ ಬಸ್ಸಿಗೆ ಶ್ರೀರಂಗಪಟ್ಟಣ ಬಿಟ್ಟು, ಪಾಂಡವಪುರದಲ್ಲಿ ಬಸ್ಸು ಬದಲಾಯಿಸಿ, ಪೇಟೆ ತಲುಪಿ, ಅಲ್ಲಿಂದ ಹಳ್ಳಿಗೆ ಹೋಗುವಷ್ಟರಲ್ಲಿ ಇಬ್ಬನಿ ಆರಿ ಬಿಸಿಲು ಬಂದಿರುತ್ತಿತ್ತು. ಊರಿಗೆ ಕಾಲಿಟ್ಟರೆ ಜನ ಮೊದಲು ನೋಡುತ್ತಿದ್ದುದು ನನ್ನ ಮುಖವನ್ನಲ್ಲ, ಕೈಯಲ್ಲಿದ್ದ ಅಳತೆಯ ಟೇಪನ್ನು. "ರೋಡ್ ಅಗ್ಲ ಮಾಡಕ್ ಬಂದವ್ರೆ ಕಣ್ಲಾ, ಏನೂ ಏಳ್ಬ್ಯಾಡ" ಎಂದು ಒಬ್ಬ ಇನ್ನೊಬ್ಬನಿಗೆ ನನ್ನ ಎದುರಿಗೇ ಹೇಳಿದ್ದುಂಟು. ಇನ್ನು ಕೆಲವು ಊರುಗಳಲ್ಲಿ ಮರ್ಯಾದೆ ಜಾಸ್ತಿ. ಕುರ್ಚಿ ಹಾಕಿ, ಕಾಫಿ ಕೊಟ್ಟು, ನಾನು ಕೇಳಿದ್ದಕ್ಕೆಲ್ಲ "ಊ ಕಣೇಳಿ ಬುದ್ಧಿ" ಎಂದು ತಲೆಯಾಡಿಸಿ, ಖಾಲಿ ಕಾರ್ಡುಗಳ ಜೊತೆಯಲ್ಲೇ ಬಸ್ಸು ಹತ್ತಿಸಿ ಕಳಿಸುತ್ತಿದ್ದರು.

ಮಂಗಳಳಿಗೆ ಹಾಗಲ್ಲ. ಅವಳಪ್ಪ ಆ ಸುತ್ತಿಗೆಲ್ಲ ನೇಗಿಲು, ನೊಗ, ಬಾಗಿಲು ಮಾಡಿಕೊಟ್ಟವರು. ಅವರು ಮಾಡಿದ ತೊಟ್ಟಿಲುಗಳಲ್ಲಿ ಅರ್ಧ ತಾಲ್ಲೂಕು ಮಲಗಿ ಎದ್ದಿತ್ತು. "ಅಯ್ಯೋ, ನಮ್ ಆಚಾರ್ರ ಮಗ್ಳಾ! ಬಾ ಕಣವ್ವ, ಕುಂತ್ಕೊ" ಎಂದು ಅವಳನ್ನು ಒಳಗೆ ಕರೆಯುತ್ತಿದ್ದರು. ಅವಳು ಹೋದವಳೇ ಹೆಂಗಸರ ನಡುವೆ ನೆಲದ ಮೇಲೆ ಕೂತು, ಅವರ ಮೊರದಿಂದ ಅವರೆಕಾಯಿ ಎತ್ತಿಕೊಂಡು ಸುಲಿಯಲು ಶುರುಮಾಡುತ್ತಿದ್ದಳು. ಮಾತು ತಾನಾಗಿ ಬರುತ್ತಿತ್ತು. ಸಂಜೆ ಆಫೀಸಿಗೆ ಬಂದರೆ ಅವಳ ಬೆರಳಿನಿಂದ, ಚೀಲದಿಂದ, ನೋಟ್‌ಬುಕ್ಕಿನಿಂದ ಆ ಸೊಗಡು ಕೋಣೆಯ ತುಂಬ ಹರಡುತ್ತಿತ್ತು. ಆ ವಾಸನೆ ಗಾಢವಾಗಿದ್ದ ದಿನ ಅವಳಿಗೆ ಹೆಸರುಗಳು ಬಹಳ ಸಿಕ್ಕಿವೆ ಎಂದೇ ಅರ್ಥ. ಗೊಬ್ಬರದ ಘಾಟನ್ನೂ ಮೀರಿ ಅದು ನನ್ನ ಮೂಗಿಗೆ ಬರುತ್ತಿತ್ತು.

ಹೆಸರು ಹೋಗಲಿ, ಕಟ್ಟಡಗಳಾದರೂ ನನ್ನ ಪಾಲಿಗಿವೆ ಎಂದುಕೊಂಡಿದ್ದೆ. ಟೇಪಿನ ಕೆಲಸಕ್ಕೆ ಬಡಗಿ ಮಗಳ ಮಾತೇಕೆ? ಹೊಸಹೊಳಲಿನ ಒಂದು ತೊಟ್ಟಿಮನೆಗೆ ಇಬ್ಬರೂ ಒಟ್ಟಿಗೆ ಹೋದೆವು. ನಾನು ಕಂಬದಿಂದ ಕಂಬಕ್ಕೆ ಅಳೆದು, ತೊಟ್ಟಿಯ ಉದ್ದಗಲ ಬರೆದು, ಮನೆ ಎಷ್ಟು ಹಳೆಯದೆಂದು ಯಜಮಾನರನ್ನು ಕೇಳಿದೆ. "ತಾತನ ಕಾಲದ್ದು" ಎಂದರು. ಎಲ್ಲ ಊರಿನ ಎಲ್ಲ ಯಜಮಾನರೂ ಹೇಳುವುದು ಅದನ್ನೇ. ಅಷ್ಟರಲ್ಲಿ ಮಂಗಳ ಬಾಗಿಲ ಚೌಕಟ್ಟಿನ ಮೇಲೆ ಕೈಯಾಡಿಸಿ, ಮೂಲೆಯ ಕೂಡಿಕೆಯನ್ನು ಉಗುರಿನಲ್ಲಿ ಕೆರೆದು ನೋಡಿ, "ಈ ಬಾಗ್ಲು ಈ ಮನೆಗೆ ಅಂತ ಮಾಡಿದ್ದಲ್ಲ ಸಾರ್. ಎಲ್ಲಿಂದಲೋ ತಂದು ಕೂರಿಸವ್ರೆ. ಕೆಳಗೆ ಕುಯ್ದು ಗಿಡ್ಡ ಮಾಡವ್ರೆ ನೋಡಿ" ಎಂದಳು. ಯಜಮಾನರು ಎದ್ದೇ ನಿಂತರು. ಅವರ ಅಜ್ಜಿಯ ತವರೂರು ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಆ ಬಾಗಿಲನ್ನು ಕಿತ್ತು ಗಾಡಿಯ ಮೇಲೆ ಹೇರಿಕೊಂಡು ಬಂದಿದ್ದರಂತೆ. ಅಜ್ಜಿ ಸಾಯುವ ತನಕ ಆ ಬಾಗಿಲಿಗೆ ಬೇರೆಯವರು ಅರಿಶಿನ ಹಚ್ಚಲು ಬಿಡುತ್ತಿರಲಿಲ್ಲವಂತೆ. ಮಂಗಳ ಇದನ್ನೆಲ್ಲ ಬರೆದುಕೊಂಡಳು. ನಾನು ನನ್ನ ಟೇಪನ್ನು ಸುತ್ತಿಕೊಂಡೆ.

ಬಸ್ಸಿನಲ್ಲಿ ಬರುವಾಗ ಅವಳು ಖುಷಿಯಾಗಿ ಮಾತಾಡುತ್ತಿದ್ದಳು, ನಾನು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ನೇರವಾಗಿ ಹೇಳುತ್ತೇನೆ, ಅದು ಹೊಟ್ಟೆಕಿಚ್ಚು, ಅದಕ್ಕೆ ಬೇರೆ ಮಾತಿಲ್ಲ. ಅವಳು ನನಗೆ ಒಂದು ದಿನವೂ ಕೆಟ್ಟದ್ದು ಮಾಡಿರಲಿಲ್ಲ. ತಾನು ತಂದ ಮೊಸರನ್ನದಲ್ಲಿ ಅರ್ಧ ನನಗೆ ಕೊಡುತ್ತಿದ್ದಳು. ಅದನ್ನು ತಿನ್ನುತ್ತಲೇ ಅವಳಿಗೆ ಜ್ವರ ಬರಲಿ, ಒಂದು ವಾರ ಮಲಗಲಿ, ಅಷ್ಟರಲ್ಲಿ ನಾನು ಮುಂದೆ ಹೋಗುತ್ತೇನೆ ಎಂದು ಮನಸ್ಸಿನಲ್ಲಿ ಬೇಡಿಕೊಂಡವನು ನಾನು.

ಹಾಗಿರುವಾಗ ಬೂಕನಕೆರೆಯಿಂದ ಆಚೆ ಒಂದು ಊರು ನನ್ನ ಪಾಲಿಗೆ ಬಂತು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೋದ ದಿನ ಗಂಡಸರೆಲ್ಲ ಕಬ್ಬು ಕಡಿಯಲು ಹೋಗಿದ್ದರು. ಕಣದ ಹತ್ತಿರ ಐದಾರು ಹೆಂಗಸರು ರಾಗಿ ತೂರುತ್ತಿದ್ದರು. ಅವರಲ್ಲಿ ಹಿರಿಯಳು ಐವತ್ತರ ಸುಮಾರಿನ ಗಟ್ಟಿ ಹೆಂಗಸು, ಕೆಂಪಮ್ಮ ಎಂದಿಟ್ಟುಕೊಳ್ಳಿ. ನಾನು ಒಂದೊಂದೇ ಹೊಲದ ಕಡೆ ಕೈತೋರಿಸಿ ಹೆಸರು ಕೇಳಿದೆ.

"ಅದ್ಕಾ? ಅದ್ಕೆ ಎಸ್ರೇನಿಲ್ಲ ಕಣಪ್ಪ. ವಲ ಅಂತೀವಿ, ಅಷ್ಟೇಯ."

"ಅದರ ಪಕ್ಕದ್ದು?"

"ಅದ್ಕೂ ಇಲ್ಲ."

ಮಿಕ್ಕವರು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದರು. ದಾರಿಯ ಬದಿಯ ಒಂದು ಚಪ್ಪಟೆ ಬಂಡೆಗೆ ಮಾತ್ರ ಹೆಸರು ಹೇಳಿದರು, ಮುದ್ದೆ ಇಳ್ಸೋ ಕಲ್ಲು. ಹೊಲಕ್ಕೆ ಊಟ ಹೊತ್ತು ಹೋಗುವವರು ಕುಕ್ಕೆ ಇಳಿಸಿ ಕುತ್ತಿಗೆ ನೀವಿಕೊಳ್ಳುವ ಜಾಗ ಅದು. ಉಳಿದಂತೆ ಹದಿನೆಂಟು ಕಾರ್ಡುಗಳ ಮೇಲೆ ನನ್ನ ಮುತ್ತಿನಂಥ ಅಕ್ಷರದಲ್ಲಿ 'ಹೆಸರಿಲ್ಲ' ಎಂದು ಬರೆದುಕೊಂಡೆ. ಸಂಜೆ ಗಂಡಸರು ಬರುವವರೆಗೆ ಕಾಯಬಹುದಿತ್ತು. ಐದರ ಬಸ್ಸು ತಪ್ಪಿದರೆ ಕಷ್ಟ ಎಂದು ಹೊರಟು ಬಂದೆ.

ಬರುತ್ತಾ ಬಸ್ಸಿನಲ್ಲಿ ನನಗೊಂದು ಸಿದ್ಧಾಂತ ಹೊಳೆಯಿತು. ಸಣ್ಣ ಹಿಡುವಳಿಗಳಿಗೆ ಜನ ಹೆಸರಿಡುವುದಿಲ್ಲ, ಯಾಕೆಂದರೆ ಇತ್ಯಾದಿ. ಎರಡು ಹಾಳೆ ಬರೆದು, ಮರುದಿನ ಮೇಷ್ಟರ ಮುಂದೆ ಗಟ್ಟಿಯಾಗಿ ಓದಿದೆ. ಮೇಷ್ಟರು ಮೂಗಿನ ಮೇಲೆ ಕನ್ನಡಕ ಇಳಿಸಿಕೊಂಡು ಕೇಳಿದರು. ಮಂಗಳ ತಲೆ ತಗ್ಗಿಸಿ ಕೂತಿದ್ದಳು. ನಾನು ಮುಗಿಸಿದ ಮೇಲೆ ಮೆಲ್ಲಗೆ, "ಸಾರ್, ಆ ಊರಿಗೆ ನಾನೊಂದ್ಸಲ ಹೋಗ್ಬರ್ಲಾ? ತಪ್ಪು ತಿಳ್ಕೋಬೇಡಿ" ಎಂದಳು. ತಪ್ಪು ತಿಳಿಯದೆ ಇರಲು ಸಾಧ್ಯವೇ? ಹೋಗಿ ಬಾ ಎಂದೆ, ನಗುನಗುತ್ತಾ.

ಎರಡು ದಿನ ಬಿಟ್ಟು ಹದಿನೆಂಟಕ್ಕೆ ಹದಿನೆಂಟೂ ಹೆಸರು ತಂದಳು. ಬೋರೇಗೌಡನ ಹೊಲ, ದೊಡ್ಡಬೋರನ ಗದ್ದೆ, ಬೋರಣ್ಣನ ತಿಟ್ಟು, ಹೀಗೆ.

"ಹೆಸರಿಲ್ಲ ಅಂತ ಅವರೇ ಹೇಳಿದ್ದು" ಎಂದೆ ನಾನು. ದನಿ ನನಗೇ ಕೀರಲಾಗಿ ಕೇಳಿಸಿತು.

"ಅವರು ಹೇಳಂಗಿಲ್ಲ ಸಾರ್, ನಾನು ಗಂಡಸರನ್ನ ಕೇಳ್ದೆ. ಆ ಊರಲ್ಲಿ ತಾತನ ಹೆಸರು ಮೊಮ್ಮಗನಿಗೆ ಇಡ್ತಾರೆ, ಅದಕ್ಕೆ ಮನೆಮನೆಗೂ ಒಬ್ಬ ಬೋರೇಗೌಡ. ಆ ಹೆಂಗಸರಿಗೆಲ್ಲ ಅದು ಗಂಡನ ಹೆಸರು, ಇಲ್ಲದಿದ್ದರೆ ಮಾವನ ಹೆಸರು. ನಿಮ್ಮ ಮುಂದೆ ಹ್ಯಾಗೆ ಬಾಯಿಬಿಟ್ಟು ಹೇಳ್ತಾರೆ?"

ಮೇಷ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಯ್ಯ ನಾಗೇಂದ್ರ, ನಿಮ್ಮವ್ವ ನಿಮ್ಮಪ್ಪನ ಹೆಸರು ಕೂಗಿ ಕರೀತಾರೇನಯ್ಯ?" ಎಂದರು. ಅವರು ತಮಾಷೆಗೆ ಕೇಳಿದ್ದು. ಅದು ನನ್ನನ್ನು ಇರಿಯಿತು. ನನ್ನಪ್ಪನ ಹೆಸರು ರಂಗಸ್ವಾಮಿ. ನಮ್ಮವ್ವ ಹುಟ್ಟಿ ಬೆಳೆದದ್ದು ಪಾಂಡವಪುರದಲ್ಲಿ, ಬಾಳಿದ್ದು ಶ್ರೀರಂಗಪಟ್ಟಣದಲ್ಲಿ. ಆದರೆ ತಾನಿರುವ ಊರಿನ ಹೆಸರನ್ನು ಅವಳು ಪೂರ್ತಿಯಾಗಿ ಹೇಳಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ಪಟ್ಣ ಎನ್ನುತ್ತಿದ್ದಳು. ಎಲ್ಲರೂ ಹಾಗೇ ಅನ್ನುವುದರಿಂದ ನನಗೆ ಗೊತ್ತಾಗಿರಲಿಲ್ಲ. ರಂಗನಾಥನ ಗುಡಿಯನ್ನು ದೊಡ್ದೇವ್ರ ಗುಡಿ ಎನ್ನುತ್ತಿದ್ದಳು. ಇಷ್ಟನ್ನು ಮನೆಯಲ್ಲೇ ಇಟ್ಟುಕೊಂಡು ನಾನು ಹದಿನೆಂಟು ಹೊಲಗಳನ್ನು ಅನಾಥ ಮಾಡಿ ಬಂದಿದ್ದೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಮರೆತುಬಿಡುತ್ತಿದ್ದೆನೇನೋ. ಮಂಗಳ ಅಳುಕುತ್ತಾ ಇನ್ನೊಂದು ಮಾತು ಹೇಳಿದಳು. ಗಂಡಸರ ಹೆಸರು ಹೇಳಲಾಗದ ಆ ಹೆಂಗಸರು ತಮ್ಮತಮ್ಮಲ್ಲಿ ಆ ಹೊಲಗಳನ್ನು, ಬಾವಿಗಳನ್ನು ಬೇರೆ ಹೆಸರುಗಳಿಂದ ಕರೆಯುತ್ತಾರಂತೆ. ಅತ್ತೆ ಸೊಸೆಗೆ ಹೇಳಿಕೊಡುವುದು, ಸೊಸೆ ಮುಂದಿನವಳಿಗೆ. ಮೇಷ್ಟರ ಕಣ್ಣು ಅರಳಿತು. "ಅವನ್ನೆಲ್ಲ ತಗೊಂಬಾಮ್ಮ! ಒಂದೂ ಬಿಡಬೇಡ!" ಎಂದು ಕುರ್ಚಿಯಿಂದ ಅರ್ಧ ಎದ್ದರು. ನನ್ನ ಸಿದ್ಧಾಂತದ ಎರಡು ಹಾಳೆ ಅವರ ಕಾಫಿ ಲೋಟದ ಕೆಳಗಿತ್ತು.

ಮುಂದಿನ ವಾರ ಅವಳು ಹೋದ ದಿನ ನಾನೂ ಅದೇ ಊರಿಗೆ ಹೋದೆ. ಕೆರೆ ಏರಿಯ ಪಾಳು ಮಂಟಪದ ಅಳತೆ ತೆಗೆಯಬೇಕು ಎಂದು ನೆಪ. ಮಂಟಪದ ಹಿಂದೆಯೇ ಕೆಂಪಮ್ಮನ ಮನೆಯ ಹಿತ್ತಲು, ನಡುವೆ ಒಂದು ಮೋಟುಗೋಡೆ. ಟೇಪಿನ ತುದಿ ಹಿಡಿದುಕೊಂಡು ಗೋಡೆಯ ಈಚೆ ನಿಂತು ಕೇಳಿದೆ. ಕದ್ದು ಕೇಳಿದೆ ಎನ್ನುವುದೇ ಸರಿ. ಆಚೆ ಅವರೆಕಾಯಿ ಸುಲಿಯುವ ಟಪಟಪ ಸದ್ದು, ನಗು, ನಡುನಡುವೆ ಹೆಸರುಗಳು. ಆ ಹೆಸರುಗಳನ್ನು ಇಲ್ಲಿ ಬರೆಯಲಾರೆ. ಒಂದರಲ್ಲಿ ಅತ್ತೆಯ ಕಾಟವಿತ್ತು. ಒಂದು, ಹೊಲದಲ್ಲೇ ಹೆರಿಗೆಯಾದವಳದು. ಒಂದಂತೂ ಎಂಥ ಪೋಲಿ ಹೆಸರೆಂದರೆ ನನ್ನ ಕಿವಿ ಬಿಸಿಯಾಯಿತು. ಒಂದು ಬಾವಿಯ ಹೆಸರು ಹೇಳುವಾಗ ಮಾತ್ರ ಯಾರೂ ನಗಲಿಲ್ಲ. ಬಾವಿಯ ತನಕ ಹೋಗಿ ಮೆಟ್ಟಿಲ ಮೇಲೆ ಕೂತು, ಹಾರದೆ ವಾಪಸು ಬಂದ ಸೊಸೆಯೊಬ್ಬಳ ಮೇಲಿನ ಹೆಸರು ಅದು. ನಾನು ಎಂ.ಎ.ಯಲ್ಲಿ ಓದಿದ್ದರಲ್ಲಿ ಅಷ್ಟು ಚೆನ್ನಾಗಿರುವುದು ಬಹಳ ಇರಲಿಲ್ಲ. ಅದು ನನಗೆ ಆಗಲೇ ಗೊತ್ತಾಯಿತು, ಗೊತ್ತಾದದ್ದೇ ತಡ ಮೈಯೆಲ್ಲ ಉರಿಯಿತು.

ಕೈ ಜಾರಿ ಟೇಪು ಸರಸರನೆ ಸುತ್ತಿಕೊಂಡಿತು. ಕೆಂಪಮ್ಮ ಗೋಡೆಯ ಮೇಲಿಂದ ಇಣುಕಿದಳು. "ಯಾರ್ಲಾ ಅದು? ಓ, ಕಾಡ್ನಪ್ಪನಾ! ಏನಪ್ಪ, ಆ ಕಲ್ಗೂ ಎಸ್ರು ಬೇಕಾಗಿತ್ತಾ?" ಎಂದಳು. ನನಗೆ ಆ ಊರಿನಲ್ಲಿ ಕಾರ್ಡಿನಪ್ಪ ಎಂದೇ ಹೆಸರಾಗಿತ್ತು. ಹೆಂಗಸರೆಲ್ಲ ಮಾತು ನಿಲ್ಲಿಸಿದರು. ಮಂಗಳ ನನ್ನನ್ನು ನೋಡಿ ನೋಟ್‌ಬುಕ್ಕು ಮುಚ್ಚಿ ಚೀಲದೊಳಗೆ ಇಟ್ಟಳು. ನನ್ನಿಂದ ಬಚ್ಚಿಡುತ್ತಿದ್ದಾಳೆ, ನಾನು ಕದಿಯುತ್ತೇನೆಂದು ಹೆದರಿದ್ದಾಳೆ ಎಂದುಕೊಂಡೆ.

ಮರುದಿನ ಆಫೀಸಿನಲ್ಲಿ ಮೇಷ್ಟರು ಮೊದಲು ಕೇಳಿದ್ದೇ ಆ ನೋಟ್‌ಬುಕ್ಕನ್ನು. ಮಂಗಳ, "ಸಾರ್, ಇನ್ನೂ ಸರಿಯಾಗಿ ಬರ್ದಿಲ್ಲ, ಆಮೇಲೆ..." ಎಂದು ಏನೋ ಹೇಳಲು ಹೊರಟಳು. ಅವರು ಚೀಲಕ್ಕೇ ಕೈಹಾಕಿ ತೆಗೆದುಕೊಂಡು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. ಬಾವಿಯದನ್ನು ಎರಡು ಸಲ ಓದಿ, "ನಮ್ಮ ಪುಸ್ತಕಕ್ಕೆ ಇದೇ ಜೀವ ಕಣಮ್ಮ. ನಾಗಮಂಗಲಕ್ಕೆ ನೀನೇ. ನಾನು ಮೈಸೂರಿಗೆ ಬರೀತೀನಿ" ಎಂದರು. ಮಂಗಳ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ನೆಲ ನೋಡುತ್ತಿದ್ದಳು. ಎಂಥ ವಿನಯದ ನಾಟಕ ಎನಿಸಿತು ನನಗೆ. ಸಂಜೆ ನಾನು ಬಸ್ಸು ಹತ್ತುವಾಗ ಹಿಂದಿನಿಂದ ಓಡಿಬಂದು, "ಸಾರ್, ನಿಮ್ಮ ಹತ್ರ ಒಂದು ಮಾತು. ಆ ಹೆಸರುಗಳ ವಿಷಯ" ಎಂದಳು. ತನ್ನ ಹೆಸರನ್ನು ಸಂಗ್ರಾಹಕಿ ಎಂದು ದಪ್ಪಕ್ಷರದಲ್ಲಿ ಬರೆಯಲು ಹೇಳುತ್ತಾಳೆ ಎಂದುಕೊಂಡೆ. "ನಾಳೆ ನೋಡೋಣ" ಎಂದು ಹತ್ತಿ ಕೂತೆ. ಮರುದಿನವೂ ಅವಳು ಬಾಯಿ ತೆರೆದಳು, ನಾನು ಆಗಲೂ ಏನೋ ಕೆಲಸವೆಂದು ಎದ್ದುಹೋದೆ. ಆಮೇಲೆ ಅವಳು ಕೇಳಲಿಲ್ಲ.

ಶಿವರಾತ್ರಿ ಕಳೆದು ಚಳಿ ಬಿಟ್ಟಿತು. ಮೇಷ್ಟರಿಗೆ ಮೈಸೂರಿನಲ್ಲಿ ಕಣ್ಣಿನ ಆಪರೇಷನ್ ಆಯಿತು. ಅಚ್ಚಿಗೆ ಕಳಿಸುವ ಪಟ್ಟಿಯನ್ನು ತಪ್ಪಿಲ್ಲದೆ ನಕಲು ಮಾಡುವ ಕೆಲಸ, ಒಳ್ಳೆಯ ಅಕ್ಷರದವನೆಂದು, ನನಗೇ ಬಂತು. ಮಂಗಳ ತನ್ನ ನೋಟ್‌ಬುಕ್ಕುಗಳನ್ನೆಲ್ಲ ಒಪ್ಪಿಸಿ, ಅಪ್ಪನಿಗೆ ಹುಷಾರಿಲ್ಲವೆಂದು ಕಿಕ್ಕೇರಿಗೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಮಹಡಿಯ ಶೀಟು ಕಾದಿತ್ತು. ನಾನು ಉದ್ದನೆಯ ಹಾಳೆಗಳ ಮೇಲೆ ಕಾಲಂ ಗೆರೆ ಎಳೆದೆ. ಜಾಗದ ಹೆಸರಿಗೆ ಒಂದೇ ಕಾಲಂ. ಆ ಊರಿಗೆ ಬಂದಾಗ ಬೋರೇಗೌಡನ ಹೊಲ, ದೊಡ್ಡಬೋರನ ಗದ್ದೆ ಎಂದು ಹದಿನೆಂಟನ್ನೂ ಅಂದವಾಗಿ ಬರೆದೆ. ಹೆಂಗಸರ ಹೆಸರುಗಳ ಪುಟ ಪಕ್ಕದಲ್ಲೇ ತೆರೆದಿತ್ತು. ಒಂದು ಜಾಗಕ್ಕೆ ಒಂದೇ ಹೆಸರು ಎನ್ನುವುದು ನಿಯಮ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅವು ಬೇಡದ ಹೆಸರುಗಳಾಗಿದ್ದರೆ ನಾನು ಬರೆಯುತ್ತಿದ್ದೆ. ಬಹಳ ಚೆನ್ನಾಗಿದ್ದವು, ನನಗೆ ಸಿಕ್ಕಿರಲಿಲ್ಲ, ಅದಕ್ಕೇ ಬಿಟ್ಟೆ. ಬಾವಿಯ ಹೆಸರಿನ ಹತ್ತಿರ ಸ್ವಲ್ಪ ಹೊತ್ತು ಕೂತೆ. ಆಮೇಲೆ ಆ ನೋಟ್‌ಬುಕ್ಕನ್ನು ಮುಚ್ಚಿ ನನ್ನ ಚೀಲಕ್ಕೆ ಹಾಕಿಕೊಂಡು, ಪಟ್ಟಿಯನ್ನು ಮೈಸೂರಿಗೆ ಕಳಿಸಿದೆ.

ಮೈಸೂರಿನವರ ಕೈಗೆ, ಕಣ್ಣಿನ ಆಪರೇಷನ್ನಿನಿಂದ ತಡವಾದ ಮೇಷ್ಟರ ಪತ್ರಕ್ಕಿಂತ ಮುಂಚೆ, ನನ್ನ ಪಟ್ಟಿ ತಲುಪಿತು. ಅದರಲ್ಲಿ ಮಂಗಳ ಮಾಡಿದ್ದೇನೂ ಎದ್ದು ಕಾಣುತ್ತಿರಲಿಲ್ಲ, ನನ್ನ ಅಕ್ಷರ ಕಾಣುತ್ತಿತ್ತು. ನಾಗಮಂಗಲಕ್ಕೆ ನನ್ನನ್ನು ಉಳಿಸಿಕೊಂಡರು. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡಿದ್ದ ಮೇಷ್ಟರು, "ಆ ಹುಡುಗಿ ತಂದ ಹೆಸರುಗಳು ಎಲ್ಲಯ್ಯ?" ಎಂದು ಕೇಳಿದರು.

"ಕಾಲಂ ಒಂದೇ ಇತ್ತು ಸಾರ್" ಎಂದೆ.

"ಗೆರೆ ಎಳೆದವನು ನೀನೇ ಅಲ್ವೇನಯ್ಯ?" ಎಂದರು. ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಸುಗ್ಗಿಯೆಲ್ಲ ನಾಗಮಂಗಲದ ದಿಣ್ಣೆ ಹೊಲಗಳಲ್ಲಿ ಅಲೆದೆ. ಟೇಪು ಬಿಟ್ಟು ಹೋದೆ. ನೆಲದ ಮೇಲೆ ಕೂತು ಅವರೆಕಾಯಿ ಸುಲಿದೆ. ಹೆಂಗಸರು ನಾನು ಸುಲಿಯುವ ಚಂದ ನೋಡಿ ನಕ್ಕರು, ಹೆಸರು ಮಾತ್ರ ಹೇಳಲಿಲ್ಲ. ಅಂಥ ಹೆಸರು ಒಂದೇ ಒಂದು ಸಿಗಲಿಲ್ಲ. ಬೆರಳಿಗೆ ಹತ್ತಿದ ಸೊಗಡು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ಬಸ್ಸಿನಲ್ಲಿ ಮೂಸಿಕೊಂಡಾಗಲೆಲ್ಲ ಅವಳ ಚೀಲ ನೆನಪಿಗೆ ಬರುತ್ತಿತ್ತು. ಮುಂದೆ ನನಗೆ ಕಾಲೇಜಿನಲ್ಲಿ ಕೆಲಸವಾಯಿತು. ಮಂಗಳಳಿಗೆ ಎರಡು ವರ್ಷ ಬಿಟ್ಟು ನಾಗಮಂಗಲದಲ್ಲೇ ಸ್ಕೂಲು ಟೀಚರ್ ಕೆಲಸ ಸಿಕ್ಕಿತೆಂದು ಕೇಳಿದೆ. ಮೂವತ್ತು ವರ್ಷ ಅವಳನ್ನು ನೋಡುವ ಧೈರ್ಯ ಬರಲಿಲ್ಲ.

ಹೋದ ಚಳಿಗಾಲದಲ್ಲಿ, ಹಿತ್ತಲಲ್ಲಿ ನಿಂತಿದ್ದವನಿಗೆ, ಇನ್ನೆಷ್ಟು ವರ್ಷ ಹೀಗೆ ಓಡುವುದು ಎನಿಸಿತು. ಅಟ್ಟದ ಪೆಟ್ಟಿಗೆಯಿಂದ ನೋಟ್‌ಬುಕ್ಕು ತೆಗೆದು ನಾಗಮಂಗಲ ಬಸ್ಸು ಹತ್ತಿದೆ. ಅವಳ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಮಂಗಳ ಟೀಚರ್ ಎಂದರೆ ಹೂವಿನಂಗಡಿಯವಳೇ ದಾರಿ ತೋರಿಸಿದಳು. ಮಂಗಳಳ ತಲೆ ನರೆತಿತ್ತು, ನಡೆ ಹಾಗೇ ಇತ್ತು. "ಅಯ್ಯೋ, ನಾಗೇಂದ್ರ ಸಾರ್! ಬನ್ನಿ ಬನ್ನಿ" ಎಂದು ಕೂರಿಸಿ, ಒಳಗೆ ಹೋಗಿ ಕಾಫಿ ಮಾಡಿ ತಂದಳು. ನಾನು ನೋಟ್‌ಬುಕ್ಕು ಅವಳ ಮುಂದಿಟ್ಟೆ. ಅವಳು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡಳು.

"ಇದನ್ನ ಇಷ್ಟು ವರ್ಷ ಜೋಪಾನ ಮಾಡಿದ್ರಾ ಸಾರ್? ಯಾರ ಕೈಗೂ ಸಿಗದ ಹಾಗೆ?" ಅವಳ ಕಣ್ಣು ತುಂಬಿತ್ತು. "ನಿಮಗೆ ನಾನು ಯಾವತ್ತೂ ಹೇಳಲೇ ಇಲ್ಲ. ಆ ಹೆಸರುಗಳನ್ನ ಹೇಳೋ ಮುಂಚೆ ಕೆಂಪಮ್ಮ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ರು. 'ನೀನು ನೆಪ್ಪಿಗ್ ಬರ್ಕೊ ಕಣವ್ವ, ಗಂಡುಸ್ರು ಓದೋ ಪುಸ್ತುಕುಕ್ಕೆ ಆಕ್ಬುಡ್ಬ್ಯಾಡ' ಅಂತ. ಆ ಬಾವಿ ಹೆಸರಿತ್ತಲ್ಲ, ವಾಪಸ್ ಬಂದೋಳು, ಅದು ಕೆಂಪಮ್ಮನೇ ಸಾರ್. ಅವರ ಯಜಮಾನರಿಗೆ ಸಾಯೋ ತನಕ ಗೊತ್ತಿರಲಿಲ್ಲ. ಮೇಷ್ಟ್ರು ಕಿತ್ಕೊಂಡು ಓದಿಬಿಟ್ರು. ಅಚ್ಚು ಹಾಕಬೇಡಿ ಅಂತ ಅವರಿಗೆ ಹೇಳೋ ಧೈರ್ಯ ನನಗಿರಲಿಲ್ಲ. ನಿಮ್ಮನ್ನಾದರೂ ಕೇಳ್ಕೊಳ್ಳೋಣ ಅಂತ ಓಡಿ ಬಂದೆ, ನೀವು ಬಸ್ಸು ಹತ್ತಿದ್ರಿ. ಪುಸ್ತಕ ಬಂದ ದಿನ ಮೊದಲು ಆ ಊರಿನ ಪುಟ ತೆಗೆದೆ, ಒಂದೂ ಇರಲಿಲ್ಲ. ನಾನು ಬಾಯಿಬಿಟ್ಟು ಹೇಳದೇ ಇದ್ರೂ ನೀವು ತಿಳ್ಕೊಂಡ್ರಲ್ಲ ಅಂತ ಕೂತು ಅತ್ತುಬಿಟ್ಟೆ. ಕೆಂಪಮ್ಮನಿಗೆ ಹೋಗಿ ಹೇಳಿದೆ. ಇರೋ ತನಕ ಕೇಳ್ತಿದ್ರು ಸಾರ್, ಆ ಕಾಡ್ನಪ್ಪ ಚೆನ್ನಾಗವ್ನಾ, ಮದ್ವೆ ಆಯ್ತಾ ಅಂತ."

ಸುಮ್ಮನೆ ತಲೆಯಾಡಿಸಿ ಎದ್ದು ಬರಬಹುದಿತ್ತು. ಆದರೆ ಹಾಳು ಹೊಟ್ಟೆಕಿಚ್ಚು ಆಗಲೂ ಬಿಡಲಿಲ್ಲ. ಮೂವತ್ತು ವರ್ಷ ಇವಳ ಮನಸ್ಸಿನಲ್ಲಿ, ಕೆಂಪಮ್ಮನ ಮನಸ್ಸಿನಲ್ಲಿ ಒಬ್ಬ ನಾಗೇಂದ್ರನಿದ್ದ. ಹೇಳದ ಮಾತನ್ನು ತಿಳಿದುಕೊಂಡವನು, ಹೆಂಗಸರ ಮಾನ ಕಾಪಾಡಿದವನು. ಅವನ ಮೇಲೆ ನನಗೆ ಮಂಗಳಳ ಮೇಲೂ ಬಾರದಷ್ಟು ಹೊಟ್ಟೆ ಉರಿಯಿತು. ಅವನನ್ನು ಅಲ್ಲಿಂದ ಎಬ್ಬಿಸಲೇಬೇಕು ಎನಿಸಿತು. ಎಲ್ಲ ಹೇಳಿಬಿಟ್ಟೆ. ನೀನು ನಾಗಮಂಗಲಕ್ಕೆ ಹೋಗಬಾರದೆಂದು ಬಿಟ್ಟೆ, ಅವು ನನಗೆ ಸಿಗಲಿಲ್ಲವೆಂದು ಬಿಟ್ಟೆ, ಆಣೆಯೂ ಗೊತ್ತಿರಲಿಲ್ಲ, ಮಾನವೂ ಗೊತ್ತಿರಲಿಲ್ಲ ಎಂದೆ.

ಮಂಗಳ ನೋಟ್‌ಬುಕ್ಕನ್ನು ತನ್ನ ಕಡೆ ಎಳೆದುಕೊಂಡಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ನನ್ನ ಕ್ಲಾಸಿನ ಮಕ್ಕಳಿಗೆಲ್ಲ ನಾಗೇಂದ್ರ ಸಾರ್ ಕಥೆ ಹೇಳಿದೀನಿ" ಎಂದಳು. "ಆ ಸಾರ್ ನನ್ನ ಹತ್ರ ಹಾಗೇ ಇರ್ಲಿ ಬಿಡಿ. ಕಾಫಿ ಆರ್ತಾ ಇದೆ, ನೀವು ಕುಡಿದು ಹೊರಡಿ."